ಆಟದ ಗಾಡಿಯ ಅದೃಶ್ಯ ಲಗಾಮು

ಹಿಂದಿನ ಕಾಲದ ಮಕ್ಕಳು ಬೆಂಕಿಪೊಟ್ಟಣಕ್ಕೆ ಅಂಗಿಯ ಗುಂಡಿಗಳನ್ನು ಚಕ್ರಗಳಾಗಿ ಸಿಕ್ಕಿಸಿ, ಮುಂದುಗಡೆ ಒಂದು ದಾರವನ್ನು ಕಟ್ಟಿ, ಜಗಲಿಯ ಮೇಲೆ ಗಾಡಿಯೋಡಿಸುತ್ತಿದ್ದರು. ದಾರವು ಎಷ್ಟು ಉದ್ದವೋ ಆಟದ ಮೇರೆಯೂ ಅಷ್ಟೇ. ಈಗಿನ ಮಕ್ಕಳ ಗಾಡಿಗೆ ದಾರವಿಲ್ಲ. ಕೈಯಲ್ಲಿರುವ ಪುಟ್ಟ ಪೆಟ್ಟಿಗೆಯ ಗುಂಡಿಯನ್ನು ಒತ್ತಿದರೆ ಅಂಗಳದ ಆಚೆಯ ತುದಿಯಲ್ಲಿರುವ ಗಾಡಿ ಹೊರಡುತ್ತದೆ, ತಿರುಗುತ್ತದೆ, ನಿಲ್ಲುತ್ತದೆ. ಆದರೆ ದಾರವು ಕಣ್ಣಿಗೆ ಕಾಣದೆ ಹೋಯಿತೇ ಹೊರತು ಮೇರೆಯು ಇಲ್ಲದೆ ಹೋಗಲಿಲ್ಲ. ಇಪ್ಪತ್ತು ಮೂವತ್ತು ಹೆಜ್ಜೆ ದೂರ ಹೋದ ಗಾಡಿಯು ಒಡೆಯನ ಮಾತನ್ನು ಕೇಳದೆ ನಿಂತುಬಿಡುವುದನ್ನೂ, ಕೆಲವು ವೇಳೆ ನಿಲ್ಲದೆ ಓಡಿಹೋಗುವುದನ್ನೂ ಇಂಥ ಮಕ್ಕಳಿರುವ ಮನೆಯವರು ನೋಡಿಯೇ ಇರುತ್ತಾರೆ.

ಅಂಗಡಿಯಿಂದ ತಂದ ಗಾಡಿಯಾದರೆ ಅದರ ಹಣೆಬರಹ ಅಷ್ಟೆಂದು ಸುಮ್ಮನಾಗಬಹುದು. ಮನೆಯಲ್ಲಿಯೇ ಮೋಟಾರು, ಚಕ್ರ, ಬ್ಯಾಟರಿಗಳನ್ನು ಕೂಡಿಸಿ ಮಗುವು ತಾನೇ ಕಟ್ಟಿದ ಗಾಡಿಯಾದರೆ ಅದು ಸುಮ್ಮನಾಗುವುದಿಲ್ಲ, ಸುಮ್ಮನಾಗಲೂ ಕೂಡದು. ಆಗ ಹಿರಿಯರು ಸಾಮಾನ್ಯವಾಗಿ ಮಾಡುವುದು ಒಂದೇ: ಹೆಚ್ಚು ಶಕ್ತಿಯುಳ್ಳ ಮತ್ತೊಂದು ಯಂತ್ರವನ್ನು ಕೊಂಡುಕೊಡುವುದು. ಅದು ಕಡೆಯ ಉಪಾಯವೇ ಹೊರತು ಮೊದಲನೆಯದಲ್ಲ. ಗಾಡಿಯ ಲಗಾಮನ್ನು ಉದ್ದ ಮಾಡುವ ದಾರಿಗಳು ಯಾವುವು, ಅವುಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಗೃಹಸ್ಥರಿಗೆ ತಿಳಿಯುವಂತೆ ನಿರೂಪಿಸುವುದೇ ಈ ಲೇಖನದ ಉದ್ದೇಶ.

ನಿಸ್ತಂತು ಸೂತ್ರದ ಪೂರ್ವಕಥೆ

ಕಣ್ಣಿಗೆ ಕಾಣದ ಅಲೆಗಳಿಂದ ದೂರದ ಯಂತ್ರವನ್ನು ಆಳುವ ವಿದ್ಯೆ ನೂರಿಪ್ಪತ್ತು ವರ್ಷಗಳಿಗಿಂತಲೂ ಹಳೆಯದು. ಜರ್ಮನಿಯ ಹೆನ್ರಿಕ್ ಹರ್ಟ್ಸ್ ಎಂಬ ವಿದ್ವಾಂಸನು ೧೮೮೭-೮೮ರಲ್ಲಿ ವಿದ್ಯುತ್ತಿನ ಕಿಡಿಗಳನ್ನು ಹಾರಿಸಿ ಇಂಥ ಅಲೆಗಳು ಉಂಟೆಂದು ತೋರಿಸಿಕೊಟ್ಟನು. ೧೮೯೫ರಲ್ಲಿ ಜಗದೀಶಚಂದ್ರ ಬೋಸರು ಕಲಕತ್ತೆಯಲ್ಲಿ ಗೋಡೆಯ ಆಚೆಗೆ ಈ ಅಲೆಗಳನ್ನು ಕಳುಹಿಸಿ, ಅಲ್ಲಿದ್ದ ಗಂಟೆಯನ್ನು ಬಾರಿಸಿ, ಮದ್ದನ್ನು ಸಿಡಿಸಿ ಸಭಿಕರನ್ನು ಬೆರಗುಗೊಳಿಸಿದರು. ೧೮೯೮ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕ್ ನಗರದ ಪ್ರದರ್ಶನವೊಂದರಲ್ಲಿ ನೀರಿನ ಮೇಲೆ ಒಂದು ಚಿಕ್ಕ ದೋಣಿಯನ್ನು ತಂತಿಯಿಲ್ಲದೆ ನಡೆಸಿದನು. ಆ ವರ್ಷದ ನವೆಂಬರ್ ೮ರಂದು ಅದಕ್ಕೆ ಪೇಟೆಂಟ್ ಹಕ್ಕೂ ದೊರಕಿತು. ಇಂದಿನ ಮಕ್ಕಳ ಗಾಡಿಗೆ ಆ ದೋಣಿಯೇ ಮೂಲಪುರುಷ.

ನಮ್ಮ ನಾಡಿಗೂ ಈ ವಿದ್ಯೆಗೂ ನಂಟುಂಟು. ೧೯೩೫ರಲ್ಲಿ ಮೈಸೂರಿನ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಪುಟ್ಟ ಪ್ರಸಾರ ಕೇಂದ್ರವನ್ನು ಸ್ಥಾಪಿಸಿದರು. ಅದಕ್ಕೆ ಇಟ್ಟ ಆಕಾಶವಾಣಿ ಎಂಬ ಹೆಸರು ಮುಂದೆ ದೇಶದ ರೇಡಿಯೋಗೇ ಹೆಸರಾಯಿತು. ಮನೆಯ ಒಂದು ಕೋಣೆಯೂ ಪ್ರಯೋಗಶಾಲೆಯಾಗಬಲ್ಲುದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಅಲೆಯು ಸೋಲುವುದು ಏಕೆ?

ಗಾಡಿಯ ವ್ಯವಸ್ಥೆಯಲ್ಲಿ ಎರಡು ಭಾಗಗಳುಂಟು. ಮಗುವಿನ ಕೈಯಲ್ಲಿರುವುದು ಪ್ರೇಷಕ. ಗಾಡಿಯ ಮೇಲಿರುವುದು ಗ್ರಾಹಕ. ಪ್ರೇಷಕವು ಹೊರಡಿಸಿದ ಅಲೆಯನ್ನು ಗ್ರಾಹಕವು ಹಿಡಿದು, ಅದರಲ್ಲಿರುವ ಆಜ್ಞೆಯನ್ನು ಮೋಟಾರಿಗೆ ತಿಳಿಸುತ್ತದೆ. ಮನೆಯಲ್ಲಿ ಕಟ್ಟುವ ಗಾಡಿಗಳಲ್ಲಿ ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಎನ್‌ಆರ್‌ಎಫ್ ೨೪ ಎಂಬ ಹೆಸರಿನ ಹೆಬ್ಬೆರಳಿನಷ್ಟು ಅಗಲದ ಫಲಕ. ಬೆಂಗಳೂರಿನ ಎಸ್. ಪಿ. ರಸ್ತೆಯ ಎಲೆಕ್ಟ್ರಾನಿಕ್ ಅಂಗಡಿಗಳಲ್ಲಿ ಇದು ಸಿಕ್ಕುತ್ತದೆ. ಇದು ಹೊರಡಿಸುವ ಶಕ್ತಿ ಒಂದು ಮಿಲಿವಾಟ್, ಎಂದರೆ ವಾಟಿನ ಸಾವಿರದಲ್ಲೊಂದು ಪಾಲು. ನಮ್ಮ ನಡುಮನೆಯಲ್ಲಿ ಉರಿಯುವ ಒಂಬತ್ತು ವಾಟಿನ ದೀಪವು ಇದರ ಒಂಬತ್ತು ಸಾವಿರ ಪಟ್ಟು ಶಕ್ತಿಯನ್ನು ನುಂಗುತ್ತದೆ. ಇಷ್ಟು ಸ್ವಲ್ಪ ಶಕ್ತಿಯು ಹತ್ತಾರು ಗಜ ಹೋಗುವುದೇ ಆಶ್ಚರ್ಯ!

ಶಬ್ದವು ಹರಡುವ ಬಗೆಯನ್ನು ಹೇಳುವಾಗ ನಮ್ಮ ನೈಯಾಯಿಕರು ಎರಡು ದೃಷ್ಟಾಂತಗಳನ್ನು ಕೊಡುವುದುಂಟು. ಒಂದು ವೀಚೀತರಂಗ ನ್ಯಾಯ, ಇನ್ನೊಂದು ಕದಂಬಮುಕುಲ ನ್ಯಾಯ. ಕದಂಬದ ಮೊಗ್ಗು ಅರಳುವಾಗ ಕೇಸರಗಳು ಎಲ್ಲ ದಿಕ್ಕಿಗೂ ಒಮ್ಮೆಗೇ ಚಾಚುವಂತೆ ಶಬ್ದವು ಹರಡುವುದೆಂದು ಎರಡನೆಯದರ ಅರ್ಥ. ಅವರು ಹೇಳಿದ್ದು ಶಬ್ದವನ್ನು ಕುರಿತೇ ಹೊರತು ರೇಡಿಯೋ ಅಲೆಯನ್ನು ಕುರಿತಲ್ಲ. ಆದರೂ ದೃಷ್ಟಾಂತವು ಇಲ್ಲಿಗೂ ಚೆನ್ನಾಗಿ ಹೊಂದುತ್ತದೆ. ಚೆಂಡಿನಂತೆ ಹರಡುವ ಅಲೆಯು ದೂರ ಇಮ್ಮಡಿಯಾದಾಗ ನಾಲ್ಕು ಪಟ್ಟು ವಿಸ್ತಾರವನ್ನು ತುಂಬಬೇಕಾಗುತ್ತದೆ. ಆದುದರಿಂದ ಗ್ರಾಹಕಕ್ಕೆ ಸಿಕ್ಕುವ ಪಾಲು ನಾಲ್ಕರಲ್ಲೊಂದಾಗುತ್ತದೆ. ದೂರ ಹತ್ತುಮಡಿಯಾದರೆ ಪಾಲು ನೂರರಲ್ಲೊಂದು.

ಇದು ಬರಿಯ ಬಯಲಿನ, ಎಂದರೆ ನೆಲದ ತಡೆಯಿಲ್ಲದ ಜಾಗದ ಲೆಕ್ಕ. ನಮ್ಮ ಗಾಡಿಯು ನೆಲಕ್ಕೆ ಅಂಟಿಕೊಂಡಂತೆ ಓಡುತ್ತದೆ. ನೇರವಾಗಿ ಬಂದ ಅಲೆಯೊಡನೆ ನೆಲಕ್ಕೆ ತಗುಲಿ ಪುಟಿದ ಅಲೆಯೂ ಬಂದು ಸೇರಿ, ಒಂದನ್ನೊಂದು ಬಹುಪಾಲು ಅಳಿಸಿಬಿಡುತ್ತವೆ. ಪ್ರೇಷಕವು ನೆಲದಿಂದ ಒಂದು ಮೀಟರ್ ಎತ್ತರದಲ್ಲೂ ಗ್ರಾಹಕವು ಹತ್ತು ಸೆಂಟಿಮೀಟರ್ ಎತ್ತರದಲ್ಲೂ ಇದ್ದರೆ, ಸುಮಾರು ಹತ್ತು ಮೀಟರ್ ದಾಟಿದ ಮೇಲೆ ಈ ಅನಿಷ್ಟವು ಬಲವಾಗುತ್ತದೆ. ಅಲ್ಲಿಂದ ಮುಂದೆ ದೂರ ಇಮ್ಮಡಿಯಾದರೆ ಶಕ್ತಿಯು ನಾಲ್ಕರಲ್ಲೊಂದಲ್ಲ, ಹದಿನಾರರಲ್ಲೊಂದಾಗುತ್ತದೆ. ಶಕ್ತಿಯನ್ನು ನೂರುಮಡಿ ಮಾಡಿದರೂ ದೂರವು ಮೂರುಮಡಿಗಿಂತ ಸ್ವಲ್ಪ ಹೆಚ್ಚಾಗುವುದಷ್ಟೆ. ಹಣವನ್ನು ಸುರಿದು ದೂರವನ್ನು ಕೊಳ್ಳಹೊರಟವರಿಗೆ ಪ್ರಕೃತಿಯು ಇಟ್ಟಿರುವ ಸುಂಕವಿದು.

ಕಾರಣವನ್ನು ಹುಡುಕುವ ಕ್ರಮ

ತರ್ಕಶಾಸ್ತ್ರವನ್ನು ಓದುವಾಗ ಅನ್ವಯ ವ್ಯತಿರೇಕಗಳೆಂಬ ಎರಡು ಮಾತುಗಳನ್ನು ಕಲಿಯುತ್ತೇವೆ. ಒಂದು ಇದ್ದಾಗ ಇನ್ನೊಂದು ಇರುವುದು ಅನ್ವಯ. ಅದು ಇಲ್ಲದಾಗ ಇದೂ ಇಲ್ಲದಿರುವುದು ವ್ಯತಿರೇಕ. ಎರಡೂ ಕೂಡಿಬಂದರೆ ಮಾತ್ರ ಒಂದು ಮತ್ತೊಂದಕ್ಕೆ ಕಾರಣವೆನ್ನಬಹುದು. ಗಾಡಿಯನ್ನು ಸರಿಪಡಿಸುವ ಮಕ್ಕಳಿಗೆ ಇದಕ್ಕಿಂತ ಹರಿತವಾದ ಆಯುಧ ಮತ್ತೊಂದಿಲ್ಲ.

ನನ್ನ ಮೊಮ್ಮಗಳೂ ಎದುರು ಮನೆಯ ಹುಡುಗನೂ ಕಳೆದ ಬೇಸಗೆಯ ರಜೆಯಲ್ಲಿ ಕೂಡಿ ಒಂದು ಗಾಡಿಯನ್ನು ಕಟ್ಟಿದರು. ಅದು ಮೈದಾನದಲ್ಲಿ ಇಪ್ಪತ್ತನಾಲ್ಕು ಹೆಜ್ಜೆಗೆ ಸೋಲುತ್ತಿತ್ತು. “ತಾತ, ದೊಡ್ಡ ಆಂಟೆನಾದ ಫಲಕ ಬರುತ್ತಂತೆ, ಅದನ್ನೇ ತರಿಸೋಣ” ಎಂದಳು ಹುಡುಗಿ. “ತರಿಸೋಣವಂತೆ. ಮೊದಲು ಈಗಿರುವುದಕ್ಕೆ ಏನು ರೋಗವೆಂದು ನೋಡಮ್ಮ” ಎಂದೆ. ಮೋಟಾರಿನ ತಂತಿಗಳನ್ನು ಬಿಚ್ಚಿ, ಆಜ್ಞೆ ತಲುಪಿದಾಗಲೆಲ್ಲ ಒಂದು ಸಣ್ಣ ದೀಪ ಹೊತ್ತಿಕೊಳ್ಳುವಂತೆ ಮಾಡಿ, ಅದೇ ಮೈದಾನದಲ್ಲಿ ಮತ್ತೆ ಅಳೆದರು. ಐವತ್ತು ಹೆಜ್ಜೆಯವರೆಗೂ ದೀಪವು ತಪ್ಪದೆ ಉರಿಯಿತು! ಮೋಟಾರು ಇದ್ದರೆ ಸೋಲು, ಇಲ್ಲದಿದ್ದರೆ ಗೆಲುವು. ರೋಗವಿದ್ದದ್ದು ರೇಡಿಯೋ ಫಲಕದಲ್ಲಲ್ಲ, ಮೋಟಾರಿನಲ್ಲಿ ಎಂಬುದು ಅಲ್ಲಿಯೇ ಸ್ಪಷ್ಟವಾಯಿತು. ಅಂದು ಅವರು ಒಂದು ಪುಸ್ತಕದಲ್ಲಿ ಗೆರೆ ಎಳೆದು, ಮಾಡಿದ ಬದಲಾವಣೆಯನ್ನು ಒಂದು ಕಡೆಯೂ ಹೆಜ್ಜೆಗಳನ್ನು ಇನ್ನೊಂದು ಕಡೆಯೂ ಬರೆಯಲಾರಂಭಿಸಿದರು. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಸಲವೂ ಅದೇ ಮೈದಾನ, ತುಂಬಿದ ಬ್ಯಾಟರಿ: ಈ ಮೂರು ನಿಯಮಗಳನ್ನು ಮೀರಕೂಡದು.

ಅಲ್ಪ ವೆಚ್ಚದ ಉಪಾಯಗಳು

ಮೋಟಾರು ಏಕೆ ಶತ್ರುವಾಯಿತು? ಸಾಮಾನ್ಯ ಆಟದ ಮೋಟಾರಿನ ಒಳಗೆ ಬ್ರಷ್ಷುಗಳು ತಿರುಗುವ ತಾಮ್ರದ ಪಟ್ಟಿಗಳನ್ನು ಉಜ್ಜುತ್ತ ಕ್ಷಣಕ್ಷಣಕ್ಕೂ ಕಿಡಿ ಹಾರಿಸುತ್ತವೆ. ಹರ್ಟ್ಸ್ ಮಹಾಶಯನು ಅಲೆಗಳನ್ನು ಹುಟ್ಟಿಸಿದ್ದೂ ಕಿಡಿಯಿಂದಲೇ ಅಲ್ಲವೆ? ಹೀಗೆ ಪ್ರತಿಯೊಂದು ಮೋಟಾರೂ ಗ್ರಾಹಕದ ಪಕ್ಕದಲ್ಲಿಯೇ ಕುಳಿತು ಅರಚುವ ಪ್ರೇಷಕವಾಗುತ್ತದೆ. ಸಂತೆಯ ಗದ್ದಲದಲ್ಲಿ ದೂರದಿಂದ ಕರೆದವನ ಮಾತು ಕೇಳಿಸದಿರುವುದು ಸಹಜ. ಇದಕ್ಕೆ ಪರಿಹಾರವೆಂದರೆ ೧೦೪ ಎಂಬ ಗುರುತುಳ್ಳ, ಎಂದರೆ ೦.೧ ಮೈಕ್ರೋಫ್ಯಾರಡ್ ಅಳತೆಯ ಮೂರು ಸಿರಾಮಿಕ್ ಕೆಪಾಸಿಟರುಗಳು. ಒಂದನ್ನು ಮೋಟಾರಿನ ಎರಡು ಕಡ್ಡಿಗಳ ನಡುವೆಯೂ, ಉಳಿದೆರಡನ್ನು ಒಂದೊಂದು ಕಡ್ಡಿಯಿಂದ ಮೋಟಾರಿನ ಲೋಹದ ಮೈಗೂ ಬೆಸುಗೆ ಹಾಕತಕ್ಕದ್ದು. ಮೋಟಾರಿಗೆ ಹೋಗುವ ಎರಡು ತಂತಿಗಳನ್ನು ಜಡೆಯಂತೆ ಹೊಸೆದು, ಗ್ರಾಹಕದಿಂದ ಆದಷ್ಟು ದೂರ ಇಡತಕ್ಕದ್ದು. ಇದಕ್ಕೆ ತಗಲುವ ಖರ್ಚು ಕೆಲವೇ ರೂಪಾಯಿಗಳು.

ಎರಡನೆಯದು ಆಹಾರದ ವಿಷಯ. ಮೋಟಾರು ಹೊರಡುವ ಕ್ಷಣದಲ್ಲಿ ಬ್ಯಾಟರಿಯಿಂದ ಹೆಚ್ಚು ವಿದ್ಯುತ್ತನ್ನು ಸೆಳೆಯುವುದರಿಂದ ವೋಲ್ಟೇಜು ಕುಸಿದು ಗ್ರಾಹಕವು ಮೂರ್ಛೆ ಹೋದಂತಾಗುತ್ತದೆ. ಅನೇಕರು ಇದನ್ನು ದೂರದ ದೋಷವೆಂದು ತಿಳಿಯುವರು. ಮೋಟಾರಿಗೊಂದು, ರೇಡಿಯೋಗೊಂದು ಬ್ಯಾಟರಿಯನ್ನು ಇಟ್ಟು, ಎರಡರ ಋಣ ತಂತಿಗಳನ್ನು ಮಾತ್ರ ಕೂಡಿಸಿದರೆ ಈ ತೊಂದರೆ ತಪ್ಪುತ್ತದೆ. ರೇಡಿಯೋ ಫಲಕದ ವಿದ್ಯುತ್ ಕಡ್ಡಿಗಳ ಬುಡದಲ್ಲಿ ಹತ್ತು ಮೈಕ್ರೋಫ್ಯಾರಡ್ ಕೆಪಾಸಿಟರೊಂದನ್ನು, ಧನ ಋಣಗಳು ಅದಲುಬದಲಾಗದಂತೆ, ಸೇರಿಸುವುದು ಮತ್ತೊಂದು ಉಪಕಾರ. ಈ ಫಲಕಕ್ಕೆ ೩.೬ ವೋಲ್ಟಿಗಿಂತ ಹೆಚ್ಚನ್ನು ಕೊಡಲೇಕೂಡದು. ಐದು ವೋಲ್ಟ್ ಕೊಟ್ಟರೆ ಅದು ಸುಟ್ಟುಹೋಗಬಹುದು. ಇಷ್ಟು ಮಾಡಿದ ಮೇಲೆ ನಮ್ಮ ಮಕ್ಕಳ ಗಾಡಿಯು ಮೋಟಾರು ಓಡುತ್ತಿರುವಾಗಲೂ ನಲವತ್ತಾರು ಹೆಜ್ಜೆ ಹೋಯಿತು.

ಮೂರನೆಯದು ಆಂಟೆನಾ. ಅಲೆಯ ಉದ್ದದ ಕಾಲುಭಾಗದಷ್ಟು ತಂತಿಯಿದ್ದರೆ ಅದು ಅಲೆಯೊಡನೆ ಶ್ರುತಿ ಸೇರುತ್ತದೆ. ಹಳೆಯ ಬಗೆಯ ೨೭ ಮೆಗಾಹರ್ಟ್ಸ್ ಗಾಡಿಗಳಿಗೆ ಈ ಲೆಕ್ಕದಂತೆ ಎರಡೂ ಮುಕ್ಕಾಲು ಮೀಟರ್ ತಂತಿ ಬೇಕಾಗುವುದು. ಅಷ್ಟು ಉದ್ದವನ್ನು ಆಟಿಕೆಯಲ್ಲಿ ಇಡಲಾಗದೆ ಸುರುಳಿಗಳಿಂದ ಸರಿದೂಗಿಸುತ್ತಾರೆ. ೪೩೩ ಮೆಗಾಹರ್ಟ್ಸ್‌ನ ಅಗ್ಗದ ಫಲಕಗಳಿಗೆ ೧೭.೩ ಸೆಂಟಿಮೀಟರ್ ನೇರವಾದ ತಂತಿಯೊಂದನ್ನು ಬೆಸೆದರೆ ಸಾಕು. ತಂತಿಯಿಲ್ಲದೆ ಮಾರುವ ಆ ಫಲಕಗಳನ್ನು ಹಾಗೆಯೇ ಬಳಸಿ, ಕೋಣೆಯನ್ನೇ ದಾಟದೆಂದು ದೂರುವವರುಂಟು. ೨.೪ ಗಿಗಾಹರ್ಟ್ಸ್ ಅಲೆಯ ಕಾಲುಭಾಗ ಕೇವಲ ೩.೧ ಸೆಂಟಿಮೀಟರ್. ಎನ್‌ಆರ್‌ಎಫ್ ಫಲಕದ ತುದಿಯಲ್ಲಿ ಹಾವಿನಂತೆ ಬಳುಕಿರುವ ತಾಮ್ರದ ಗೆರೆಯೇ ಅದರ ಆಂಟೆನಾ. ಆ ತುದಿಯನ್ನು ಬ್ಯಾಟರಿಯ ಅಥವಾ ಲೋಹದ ತಗಡಿನ ಮರೆಯಲ್ಲಿಟ್ಟರೆ ಕಿವಿಯನ್ನು ಮುಚ್ಚಿದಂತಾಗುವುದು. ಕಡ್ಡಿಯ ರೂಪದ ಆಂಟೆನಾಗಳಿದ್ದರೆ ಎರಡನ್ನೂ ನೆಟ್ಟಗೆ ನಿಲ್ಲಿಸತಕ್ಕದ್ದು. ಒಂದು ನಿಂತು ಇನ್ನೊಂದು ಮಲಗಿದ್ದರೆ ಬಹಳಷ್ಟು ಶಕ್ತಿ ವ್ಯರ್ಥ. ಮಕ್ಕಳು ಬಂದೂಕಿನಂತೆ ಆಂಟೆನಾದ ತುದಿಯನ್ನು ಗಾಡಿಯ ಕಡೆಗೆ ಗುರಿಯಿಡುತ್ತಾರೆ. ಆದರೆ ಕಡ್ಡಿಯ ತುದಿಯಿಂದ ಅಲೆಯು ಹೊರಡುವುದು ಅತ್ಯಲ್ಪ, ಪಕ್ಕಗಳಿಂದ ಹೊರಡುವುದೇ ಹೆಚ್ಚು.

ನಾಲ್ಕನೆಯದು ಎತ್ತರ. ನೆಲದಿಂದ ಪುಟಿಯುವ ಅಲೆಯ ಅನಿಷ್ಟಕ್ಕೆ ಎತ್ತರವೇ ಮದ್ದು. ಪ್ರೇಷಕವನ್ನು ಒಂದು ಮೀಟರಿನಿಂದ ಎರಡು ಮೀಟರಿಗೆ, ಎಂದರೆ ತಲೆಯ ಮೇಲಕ್ಕೆ ಎತ್ತಿ ಹಿಡಿದರೆ ಅಥವಾ ಮೆಟ್ಟಿಲ ಮೇಲೆ ನಿಂತರೆ, ಸಮತಟ್ಟಾದ ಬಯಲಿನಲ್ಲಿ ಗ್ರಾಹಕಕ್ಕೆ ಸಿಕ್ಕುವ ಶಕ್ತಿ ಸುಮಾರು ನಾಲ್ಕು ಪಟ್ಟಾಗುತ್ತದೆ. ಗಾಡಿಯ ಗ್ರಾಹಕವನ್ನು ಹತ್ತು ಸೆಂಟಿಮೀಟರಿನಿಂದ ಇಪ್ಪತ್ತಕ್ಕೆ ಏರಿಸಿದರೆ ಮತ್ತೆ ನಾಲ್ಕು ಪಟ್ಟು. ಇವೆರಡೂ ಸೇರಿ ಪ್ರೇಷಕದ ಶಕ್ತಿಯನ್ನು ಹದಿನಾರು ಪಟ್ಟು ಮಾಡಿದ್ದಕ್ಕೆ ಸಮ. ಒಂದು ಹಳೆಯ ಬರೆಯುವ ಲೇಖನಿಯ ಟೊಳ್ಳು ಕೊಳವೆಯನ್ನು ಗಾಡಿಯ ಮೇಲೆ ನಿಲ್ಲಿಸಿ ಅದರ ತುದಿಗೆ ಗ್ರಾಹಕವನ್ನು ಕಟ್ಟುವುದಕ್ಕೆ ಯಾವ ಖರ್ಚೂ ಇಲ್ಲ. ಇನ್ನೊಂದು ಮಾತು: ನೀರಿನಂಶವುಳ್ಳ ವಸ್ತುಗಳು ೨.೪ ಗಿಗಾಹರ್ಟ್ಸ್ ಅಲೆಯನ್ನು ಚೆನ್ನಾಗಿ ಹೀರುತ್ತವೆ. ಒದ್ದೆ ಎಲೆಗಳ ಬೇಲಿ ಮಾತ್ರವಲ್ಲ, ನಮ್ಮ ಶರೀರವೂ ಅಂಥದೇ. ಆದ್ದರಿಂದ ಗಾಡಿಗೆ ಬೆನ್ನು ಮಾಡಿ ನಿಲ್ಲಬಾರದು. ಪ್ರೇಷಕವನ್ನು ಎತ್ತಿ ಹಿಡಿದು, ಗ್ರಾಹಕವನ್ನು ಏರಿಸಿದ ಮೇಲೆ ನಮ್ಮ ಮಕ್ಕಳ ಪುಸ್ತಕದಲ್ಲಿ ಎಪ್ಪತ್ತೈದು ಹೆಜ್ಜೆ ದಾಖಲಾಯಿತು.

ಐದನೆಯದು ಮಾತಿನ ವೇಗ. ದೂರದಲ್ಲಿರುವವನಿಗೆ ಹೇಳುವಾಗ ನಾವು ನಿಧಾನವಾಗಿ, ಬಿಡಿಸಿ ಹೇಳುತ್ತೇವಲ್ಲವೆ? ರೇಡಿಯೋಗೂ ಇದೇ ಧರ್ಮ. ಎನ್‌ಆರ್‌ಎಫ್ ಫಲಕದ ಪ್ಲಸ್ ಎಂಬ ಬಗೆಯು ಸೆಕೆಂಡಿಗೆ ಇಪ್ಪತ್ತು ಲಕ್ಷ, ಹತ್ತು ಲಕ್ಷ ಅಥವಾ ಎರಡೂವರೆ ಲಕ್ಷ ಬಿಟ್‌ಗಳ ವೇಗದಲ್ಲಿ ಮಾತನಾಡಬಲ್ಲುದು. ಅತಿವೇಗವನ್ನು ಬಿಟ್ಟು ಕನಿಷ್ಠ ವೇಗವನ್ನು ಆರಿಸಿದರೆ, ಮೊದಲಿನ ಹದಿನಾರರಲ್ಲೊಂದು ಪಾಲು ಶಕ್ತಿಯನ್ನೂ ಗ್ರಾಹಕವು ಗ್ರಹಿಸಬಲ್ಲುದು. ತೆರಪಾದ ಆಕಾಶದಲ್ಲಿ ಇದರಿಂದ ದೂರವು ನಾಲ್ಕುಮಡಿಯಾಗುವುದು; ನೆಲದ ಮೇಲೆ ಸುಮಾರು ಇಮ್ಮಡಿ. ಮುಂದೆ, ಹಿಂದೆ, ಎಡ, ಬಲ ಎಂಬ ನಾಲ್ಕು ಮಾತುಗಳಿಗೆ ಎರಡೂವರೆ ಲಕ್ಷವೇ ಬೇಕಾದಷ್ಟಾಯಿತು. ಪ್ರೇಷಕ ಗ್ರಾಹಕಗಳೆರಡರ ಕಾರ್ಯಕ್ರಮದಲ್ಲಿಯೂ ಒಂದೊಂದು ಸಾಲನ್ನು ಬದಲಿಸಿದರೆ ಆಯಿತು.

ಆರನೆಯದು ಸ್ಥಳದ ಆಯ್ಕೆ. ಮನೆಯ ವೈಫೈ, ಬ್ಲೂಟೂತ್, ಅಡುಗೆಮನೆಯ ಮೈಕ್ರೋವೇವ್ ಒಲೆ ಎಲ್ಲವೂ ಇದೇ ೨.೪ ಗಿಗಾಹರ್ಟ್ಸ್ ಬೀದಿಯಲ್ಲಿಯೇ ಸಂಚರಿಸುತ್ತವೆ. ವೈಫೈ ಹೆಚ್ಚಾಗಿ ೧, ೬, ೧೧ ಎಂಬ ಸಂಖ್ಯೆಯ ಓಣಿಗಳನ್ನು ಹಿಡಿದಿರುತ್ತದೆ. ಹನ್ನೊಂದನೆಯ ಓಣಿಯು ಸುಮಾರು ೨೪೭೩ ಮೆಗಾಹರ್ಟ್ಸ್‌ಗೆ ಮುಗಿಯುವುದರಿಂದ, ೨೪೭೫ರಿಂದ ೨೪೮೨ರವರೆಗಿನ ಜಾಗದಲ್ಲಿ ಗದ್ದಲ ಕಡಮೆ. ನಮ್ಮ ಮಕ್ಕಳು ಕನಿಷ್ಠ ವೇಗವನ್ನೂ ಈ ಓಣಿಯನ್ನೂ ಆರಿಸಿಕೊಂಡ ಮೇಲೆ ಗಾಡಿಯು ನೂರ ಮೂವತ್ತು ಹೆಜ್ಜೆಯವರೆಗೆ ಅಂಕೆಯಲ್ಲಿತ್ತು. ಮೈದಾನವೇ ಅಲ್ಲಿಗೆ ಮುಗಿದುದರಿಂದ ದೊಡ್ಡ ಫಲಕದ ಮಾತು ಮತ್ತೆ ಏಳಲಿಲ್ಲ.

ಶಕ್ತಿಯನ್ನು ಹೆಚ್ಚಿಸುವ ಮುನ್ನ

ಇಷ್ಟಾದರೂ ಸಾಲದೆಂಬವರಿಗೆ ಅದೇ ಫಲಕದ ಶಕ್ತಿವರ್ಧಿತ ರೂಪವು ದೊರೆಯುತ್ತದೆ. ಇದು ಸುಮಾರು ನೂರು ಮಿಲಿವಾಟ್ ಶಕ್ತಿಯನ್ನು ಹೊರಡಿಸುವುದಲ್ಲದೆ, ಬಂದ ಅಲೆಯನ್ನೂ ವರ್ಧಿಸಿಕೊಳ್ಳುತ್ತದೆ. ಆದರೆ ಇದರ ಹಸಿವು ದೊಡ್ಡದು. ಮಾತನಾಡುವಾಗ ನೂರು ಮಿಲಿಆಂಪಿಯರಿಗಿಂತ ಹೆಚ್ಚನ್ನು ಕೇಳುತ್ತದೆ. ಆರ್ಡುಯಿನೋ ಊನೋ ಫಲಕದ ೩.೩ ವೋಲ್ಟ್ ಕಡ್ಡಿಯು ಕೊಡಬಲ್ಲುದು ೫೦ ಮಾತ್ರ. ಬೇರೆ ವಿದ್ಯುತ್ ನಿಯಂತ್ರಕವನ್ನು ಕೊಡದೆ ಇದನ್ನು ಜೋಡಿಸಿದವರು, ಹೊಸ ಫಲಕವು ಹಳೆಯದಕ್ಕಿಂತಲೂ ಕೆಟ್ಟದೆಂದು ಶಪಿಸುವುದುಂಟು.

ರಾಜನಿಯಮವನ್ನೂ ಮರೆಯಕೂಡದು. ಆಕಾಶವು ಎಲ್ಲರ ಸ್ವತ್ತಾದುದರಿಂದ ಅಲೆಗಳನ್ನು ಮನಬಂದಂತೆ ಹೊರಡಿಸಲು ಅನುಮತಿಯಿಲ್ಲ. ನಮ್ಮ ದೇಶದಲ್ಲಿ ೨.೪ರಿಂದ ೨.೪೮೩೫ ಗಿಗಾಹರ್ಟ್ಸ್‌ವರೆಗೆ ಮತ್ತು ೮೬೫ರಿಂದ ೮೬೮ ಮೆಗಾಹರ್ಟ್ಸ್‌ವರೆಗೆ, ಗೊತ್ತುಮಾಡಿದ ಶಕ್ತಿಯ ಮಿತಿಯೊಳಗೆ, ಪರವಾನಗಿಯಿಲ್ಲದೆ ಬಳಸಬಹುದು. ಎನ್‌ಆರ್‌ಎಫ್ ಫಲಕವು ೨೫೨೫ ಮೆಗಾಹರ್ಟ್ಸ್‌ವರೆಗೂ ಏರಬಲ್ಲುದು. ವೈಫೈ ಗದ್ದಲವಿಲ್ಲವೆಂದು ಅಲ್ಲಿಗೆ ಏರುವಂತೆ ಹೇಳುವವರೂ ಇದ್ದಾರೆ. ಯಂತ್ರಕ್ಕೆ ಸಾಧ್ಯವೆಂದ ಮಾತ್ರಕ್ಕೆ ನಮಗೆ ಸಲ್ಲತಕ್ಕದ್ದೆಂದು ಅರ್ಥವಲ್ಲ. ಮಕ್ಕಳಿಗೆ ಇದನ್ನು ಮೊದಲೇ ತಿಳಿಸುವುದು ಒಳ್ಳೆಯದು.

ದೂರಕ್ಕಿಂತ ಮುಖ್ಯವಾದದ್ದು

ಲಗಾಮನ್ನು ಎಷ್ಟು ಉದ್ದ ಮಾಡಿದರೂ ಅದಕ್ಕೊಂದು ತುದಿ ಇದ್ದೇ ಇರುತ್ತದೆ. ತುದಿಯನ್ನು ದಾಟಿದ ಗಾಡಿ ಏನು ಮಾಡಬೇಕು? ಇದೇ ನಿಜವಾದ ಪ್ರಶ್ನೆ. ಕಾರ್ಯಕ್ರಮವನ್ನು ಬರೆಯುವಾಗ ಇದನ್ನು ಯೋಚಿಸದಿದ್ದರೆ ಗ್ರಾಹಕವು ಕಡೆಯದಾಗಿ ಕೇಳಿದ ಆಜ್ಞೆಯನ್ನೇ ಹಿಡಿದುಕೊಂಡಿರುತ್ತದೆ. ಆ ಆಜ್ಞೆಯು ಮುಂದೆ ಹೋಗು ಎಂದಿದ್ದರೆ ಗಾಡಿ ಹೋಗುತ್ತಲೇ ಇರುತ್ತದೆ.

ನಮ್ಮ ಬೀದಿಯಲ್ಲಿಯೇ ಹೀಗೆ ಒಂದು ಸಂಜೆ ಅಂಕೆ ತಪ್ಪಿದ ಗಾಡಿಯೊಂದು ಓಣಿಯನ್ನು ದಾಟಿ ದೊಡ್ಡ ರಸ್ತೆಗೆ ಇಳಿಯಿತು. ಅದನ್ನು ಕಟ್ಟಿದ ಒಂಬತ್ತು ವರ್ಷದ ಬಾಲಕನು ಎಡಬಲ ನೋಡದೆ ಅದರ ಹಿಂದೆಯೇ ಓಡಿದನು. ಎದುರಿಗೆ ಬರುತ್ತಿದ್ದ ಲಾರಿಯವನು ಪುಣ್ಯವಶಾತ್ ಎಚ್ಚರವಾಗಿದ್ದುದರಿಂದ ಗಾಡಿ ಮಾತ್ರ ಪುಡಿಯಾಯಿತು. ಆ ತಾಯಿಯ ಮುಖವನ್ನು ಅಂದು ನೋಡಿದವರಾರೂ ಇದನ್ನು ಬರಿಯ ಆಟದ ಮಾತೆಂದು ತಳ್ಳಿಹಾಕಲಾರರು. ಮಗುವು ತನ್ನ ಕೈಯಾರೆ ಕಟ್ಟಿದ ವಸ್ತುವಿನ ಹಿಂದೆ ಓಡಿಯೇ ಓಡುವುದು. ಅದು ಮಗುವಿನ ಸ್ವಭಾವ. ಓಡುವ ಪ್ರಸಂಗವೇ ಬಾರದಂತೆ ನೋಡಿಕೊಳ್ಳುವುದು ಹಿರಿಯರ ಕರ್ತವ್ಯ.

ಉಪಾಯವು ಸುಲಭವಾಗಿದೆ. ಪ್ರೇಷಕವು ಗುಂಡಿ ಒತ್ತಿರಲಿ, ಒತ್ತದಿರಲಿ, ಸೆಕೆಂಡಿಗೆ ಐವತ್ತು ಸಲ ತಾನಿರುವೆನೆಂದು ಸಾರುತ್ತಿರಬೇಕು. ಗ್ರಾಹಕವು ಕಡೆಯ ಸಂದೇಶ ಬಂದ ಕಾಲವನ್ನು ನೆನಪಿಟ್ಟುಕೊಳ್ಳಬೇಕು. ಅರ್ಧ ಸೆಕೆಂಡಿನವರೆಗೆ, ಎಂದರೆ ಇಪ್ಪತ್ತೈದು ಸಂದೇಶಗಳವರೆಗೆ, ಏನೂ ಕೇಳಿಸದಿದ್ದರೆ ಮೋಟಾರನ್ನು ತಾನಾಗಿಯೇ ನಿಲ್ಲಿಸಬೇಕು. ಸೆಕೆಂಡಿಗೆ ಮೂರು ಮೀಟರ್ ಓಡುವ ಗಾಡಿಯು ಅಷ್ಟರಲ್ಲಿ ಒಂದೂವರೆ ಮೀಟರ್ ಹೋಗಿರುತ್ತದೆ; ಆಮೇಲೆ ತನ್ನ ಓಟದ ರಭಸವಿಳಿದು ನಿಲ್ಲುತ್ತದೆ. ಇದನ್ನು ಪರೀಕ್ಷಿಸುವುದು ಹೇಗೆಂದರೆ, ಗಾಡಿಯನ್ನು ಕೈಯಲ್ಲಿ ಎತ್ತಿ ಹಿಡಿದು ಚಕ್ರಗಳು ತಿರುಗುತ್ತಿರುವಾಗ ಪ್ರೇಷಕದ ಬ್ಯಾಟರಿಯನ್ನು ಕಿತ್ತುಬಿಡಬೇಕು. ಚಕ್ರಗಳು ಒಡನೆಯೇ ನಿಂತರೆ ಗಾಡಿಯು ಅಂಗಳಕ್ಕೆ ಇಳಿಯಲು ಅರ್ಹ. ನಿಲ್ಲದಿದ್ದರೆ ಅದು ನೂರು ಹೆಜ್ಜೆಯಲ್ಲ, ಸಾವಿರ ಹೆಜ್ಜೆ ಅಂಕೆಯಲ್ಲಿರುವುದಾದರೂ ಇಳಿಯತಕ್ಕದ್ದಲ್ಲ. ಆಟದ ಸ್ಥಳವು ರಸ್ತೆಯಿಂದ ದೂರವಿರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಆದುದರಿಂದ ಮಕ್ಕಳ ಗಾಡಿಯು ನಿಂತುಹೋಯಿತೆಂದು ದೂರು ಬಂದಾಗ ಗೃಹಸ್ಥರು ಮೊದಲು ಅಂಗಡಿಯ ದಾರಿಯನ್ನು ಹಿಡಿಯದೆ, ಒಂದು ನೋಟುಪುಸ್ತಕವನ್ನು ಅವರ ಕೈಗೆ ಕೊಟ್ಟು ಮೈದಾನಕ್ಕೆ ಕರೆದೊಯ್ಯಲಿ. ಹೆಜ್ಜೆಗಳನ್ನು ಎಣಿಸುವುದು, ಬರೆದಿಡುವುದು, ಒಂದೊಂದನ್ನೇ ಬದಲಿಸಿ ನೋಡುವುದು, ಕಾರಣವನ್ನು ಕಂಡು ನಿರ್ಣಯಿಸುವುದು: ಇವನ್ನು ಒಂದು ರಜೆಯಲ್ಲಿ ಕಲಿತ ಮಗುವಿಗೆ ಆ ಪಾಠವು ಮುಂದೆ ಯಾವ ವಿದ್ಯೆಯನ್ನು ಹಿಡಿದರೂ ಒದಗಿಬರುವುದು. ಗಾಡಿಯು ಒಂದೆರಡು ವರ್ಷಗಳಲ್ಲಿ ಅಟ್ಟವನ್ನು ಸೇರೀತು. ಪುಸ್ತಕದಲ್ಲಿ ಬರೆದದ್ದನ್ನು ಮಾತ್ರ ಜೋಪಾನವಾಗಿ ಇಡಿರಿ.